ಸಿಡಿಗೆ 7, ಎಲ್‌ಪಿಗೆ 11: ಡಿಆರ್ ಮೀಟರ್ ಮಾತು ನಂಬಬಹುದಾ?

ಪ್ರಶ್ನೆ (ಕಲಬುರಗಿ): ಸರ್ ನಮಸ್ಕಾರ. ಒಂದೇ ರಾಕ್ ಆಲ್ಬಮ್ಮಿನ ರೀಮಾಸ್ಟರ್ ಸಿಡಿ, ಹೊಸ ಎಲ್‌ಪಿ (ವಿನೈಲ್ ತಟ್ಟೆ) ಎರಡೂ ಇವೆ. ಎಲ್‌ಪಿಯನ್ನ ಕಂಪ್ಯೂಟರಿಗೆ ರೆಕಾರ್ಡ್ ಮಾಡಿ ಡಿಆರ್ ಮೀಟರಿಗೆ (ಡೈನಾಮಿಕ್ ರೇಂಜ್, ಅಂದ್ರೆ ಸದ್ದಿನ ಏರಿಳಿತ ಅಳೆಯೋ ಸಾಫ್ಟ್‌ವೇರ್) ಹಾಕಿದೆ. ಸಿಡಿಗೆ 7, ಎಲ್‌ಪಿಗೆ 11 ಬಂತು. ಎಲ್‌ಪಿಗೆ ಬೇರೆ ಮಾಸ್ಟರ್ (ಅಚ್ಚಿಗೆ ಕಳಿಸೋ ಕೊನೆಯ ಧ್ವನಿ ಪ್ರತಿ) ಮಾಡಿದ್ದಾರೆ ಅಂತಲ್ವಾ? ಸಿಡಿ ಮಾರಿಬಿಡಲಾ?

ಉತ್ತರ (ಸೌಂಡ್ ಎಂಜಿನಿಯರ್): ತಡೀರಿ, ಮಾರಬೇಡಿ. ಹಾಡಿನ ಜೋರಾದ 20% ಭಾಗದ ಸರಾಸರಿ ಮಟ್ಟಕ್ಕೂ ಪೀಕಿಗೂ (ಅಲೆಯ ತುತ್ತತುದಿಗೂ) ಎಷ್ಟು ಅಂತರ ಅಂತ ಆ ಮೀಟರ್ ನೋಡುತ್ತದೆ, ಅಷ್ಟೇ. ಲಿಮಿಟರ್ (ಪೀಕ್ ಒಂದು ಮಿತಿ ದಾಟದಂತೆ ಒತ್ತುವ ಸಾಧನ) ಹಾಕಿ ತಲೆ ಸವರಿದ ಅಲೆಯನ್ನೇ ಎಲ್‌ಪಿಗೆ ಕೊರೆದರೂ ಫಿಲ್ಟರು, ಕಾರ್ಟ್ರಿಜ್ಜು (ಸೂಜಿ ಇರುವ ಭಾಗ) ದಾಟುವಾಗ ಫೇಸ್, ಅಂದರೆ ಬೇರೆ ಬೇರೆ ಸ್ವರಗಳ ಅಲೆಗಳ ನಡುವಿನ ಸಮಯದ ಹೊಂದಾಣಿಕೆ, ಬದಲಾಗುತ್ತದೆ. ಸಪಾಟಾದ ತಲೆ ಓರೆಯಾಗಿ ಪೀಕ್ ಮೇಲೇರುತ್ತದೆ. ಸರಾಸರಿ ಇದ್ದಲ್ಲೇ ಇರುತ್ತದೆ. ಹಾಗಾಗಿ ಒಂದೇ ಮಾಸ್ಟರ್ ಆದರೂ ಅಂಕಿ ಮೂರ್ನಾಲ್ಕು ಜಾಸ್ತಿ ಬರಬಹುದು. ಧೂಳಿನ ಚಟ್‌ಪಟ್ ಸದ್ದೂ ಪೀಕ್ ಏರಿಸುತ್ತದೆ!

ಸಿಡಿಯಲ್ಲಿ ಸದ್ದಿನ ಏರಿಳಿತಕ್ಕೆ ಜಾಗ ಕಮ್ಮಿ ಅಂತೇನಿಲ್ಲ. ಸಿಡಿಯ 16 ಬಿಟ್ಟಿಗೆ ಸುಮಾರು 96 ಡೆಸಿಬೆಲ್ ಸಿಗುತ್ತದೆ, ಎಲ್‌ಪಿಗೆ ಅಷ್ಟಿಲ್ಲ. ಹಾಳು ಮಾಡೋದು ಲಿಮಿಟರ್ ಹಿಡಿದ ಕೈ. ಮೆಟಾಲಿಕಾ ಬ್ಯಾಂಡಿನ 2008ರ ಆಲ್ಬಮ್ ‘ಡೆತ್ ಮ್ಯಾಗ್ನೆಟಿಕ್’ ನೋಡಿ. ಸಿಡಿಯಲ್ಲಿ ಕಿವಿ ಒಡೆಯುವಷ್ಟು ಒತ್ತಿದ್ದರು. ಅದೇ ಹಾಡುಗಳು ಗಿಟಾರ್ ಹೀರೋ ವಿಡಿಯೋ ಆಟದಲ್ಲಿ ಎಷ್ಟೋ ಸಡಿಲವಾಗಿ ಬಂದವು. ಎರಡೂ ಡಿಜಿಟಲ್ಲೇ ಅಲ್ವಾ?

ಅಂಕಿ ಬಿಟ್ಟು ಅಲೆ ನೋಡಿ. ಆಡಾಸಿಟಿಯಲ್ಲಿ (ಧ್ವನಿ ಎಡಿಟ್ ಮಾಡುವ ಸಾಫ್ಟ್‌ವೇರ್) ಡ್ರಮ್ ಏಟು ಬೀಳುವ ಜಾಗ ದೊಡ್ಡದು ಮಾಡಿ. ಸಿಡಿಯಲ್ಲಿ ಎಲ್ಲ ಏಟೂ ಒಂದೇ ಎತ್ತರಕ್ಕೆ ಕತ್ತರಿಸಿದಂತಿದ್ದು, ಎಲ್‌ಪಿಯಲ್ಲೂ ಏಟುಗಳೆಲ್ಲ ಹೆಚ್ಚುಕಮ್ಮಿ ಒಂದೇ ಎತ್ತರ, ತಲೆ ಮಾತ್ರ ಓರೆ ಇದ್ದರೆ ಮಾಸ್ಟರ್ ಒಂದೇ ಇರಬೇಕು. ಏಟುಗಳು ಬೇರೆ ಬೇರೆ ಎತ್ತರಕ್ಕೆ ಚೂಪಾಗಿ ಎದ್ದಿದ್ದರೆ ಎಲ್‌ಪಿಗೆ ಬೇರೆ ಕೆಲಸ ನಡೆದಿದೆ. ಆಮೇಲೆ ಎರಡರ ವಾಲ್ಯೂಮ್ ಸಮ ಮಾಡಿ ಕೇಳಿ. ಸಮ ಮಾಡದೆ ಕೇಳಿದರೆ ಜೋರಾಗಿರೋದೇ ಚೆನ್ನಾಗಿದೆ ಅನ್ಸುತ್ತೆ.

ಪ್ರಶ್ನೆ: ನಮ್ಮ ಬಿಸಿಲು ಗೊತ್ತಲ್ರೀ ಸರ್, ಎಲ್‌ಪಿ ಸ್ವಲ್ಪ ಬಾಗಿದೆ. ಹಾಡು ಹಚ್ಚಿದಾಗ ವೂಫರ್ (ದೊಡ್ಡ ಸ್ಪೀಕರ್) ಸುಮ್ನೆ ಹಿಂದೆ ಮುಂದೆ ಆಡುತ್ತದೆ. ಅದಕ್ಕೂ ಅಂಕಿ ಬದಲಾಗುತ್ತಾ?

ಉತ್ತರ: ಖಂಡಿತ. ಬಾಗಿದ ತಟ್ಟೆಯಿಂದ ಏಳುವ, ಕಿವಿಗೆ ಕೇಳದ ಅಲೆಯ ಮೇಲೆ ಹಾಡು ಏರಿಳಿಯುತ್ತದೆ, ಲೆಕ್ಕ ಕೆಡುತ್ತದೆ. 20 ಹರ್ಟ್ಸ್ ಕೆಳಗಿನದನ್ನು ಹೈಪಾಸ್ ಫಿಲ್ಟರಿನಲ್ಲಿ ತೆಗೆದು ಮತ್ತೆ ಅಳೆಯಿರಿ. ಎಲ್‌ಪಿಗಳನ್ನು ನೆಟ್ಟಗೆ ನಿಲ್ಲಿಸಿಡಿ, ಆರ್‌ಸಿಸಿ ಕೆಳಗಿನ ಅಟ್ಟದ ಮೇಲೆ ಬೇಡ. ಟರ್ನ್‌ಟೇಬಲ್ ಕೆಳಗೆ ದಪ್ಪನೆಯ ಶಹಾಬಾದ್ ಕಲ್ಲು ಹಾಕಿ, ನಡೆದಾಡುವ ಅದುರು ಕಮ್ಮಿಯಾಗುತ್ತದೆ. ಅದಂತೂ ನಿಮ್ಮೂರಲ್ಲಿ ಅಗ್ಗ.