ಸಹಾಯ ಬೇಕು: ದಾದರ್ ಹೂವಿನ ಮಾರ್ಕೆಟ್ ಫೋಟೋಗಳಲ್ಲಿ ಕಪ್ಪು ಪಟ್ಟೆ

ನಮಸ್ಕಾರ. ಮುಂಬೈನ ದಾದರ್ ಸ್ಟೇಷನ್ ಪಕ್ಕದ ಹೂವಿನ ಮಾರ್ಕೆಟ್‌ನಲ್ಲಿ, ಬೆಳಕು ಹರಿಯುವ ಮುನ್ನ ಎಲ್‌ಇಡಿ ಬಲ್ಬಿನಡಿ ತೆಗೆದ ಫೋಟೋಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುತ್ತಿದೆ. ಮಿರರ್‌ಲೆಸ್ ಕ್ಯಾಮೆರಾ, ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್, 1/500 ಸೆಕೆಂಡ್, ಎಫ್ 2, ಐಎಸ್‌ಒ 3200.

ಕಾರಣ ಗೊತ್ತು: ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಸೆನ್ಸರ್ ಸಾಲುಸಾಲಾಗಿ ಓದಿ ಮುಗಿಸುವಷ್ಟರಲ್ಲಿ ಬೆಳಕು ಏರಿಳಿದಿರುತ್ತದೆ. 1/100ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ, ಆದರೆ ಚೆಂಡುಹೂವಿನ ಮೂಟೆ ಹೊತ್ತು ಓಡುವವರ ಕಾಲು, ಮಾಲೆ ಕಟ್ಟುವ ಬೆರಳು ಮಸುಕಾಗುತ್ತವೆ. ಆ ಬೆರಳುಗಳೇ ನನಗೆ ಮುಖ್ಯ.

ಮೆಕ್ಯಾನಿಕಲ್ ಶಟರ್ ಜೊತೆ ಆಂಟಿ-ಫ್ಲಿಕರ್ (ಬಲ್ಬಿನ ಬೆಳಕು ಹೆಚ್ಚಿರುವ ಕ್ಷಣಕ್ಕೇ ಕ್ಲಿಕ್ಕಿಸುವ ಸೆಟ್ಟಿಂಗ್) ಆನ್ ಮಾಡಿದರೆ 1/500ರಲ್ಲೂ ಪಟ್ಟೆ ನಿಲ್ಲುತ್ತದೆಯೇ? ಅಕ್ಕಪಕ್ಕದ ಅಂಗಡಿಗಳ ಬಲ್ಬು ಒಟ್ಟಿಗೆ ಮಿನುಗದೆ, ಕರೆಂಟಿನ ಬೇರೆ ಬೇರೆ ಫೇಸ್‌ನಲ್ಲಿದ್ದರೆ? ಬಳಸಿದವರು ಸೆಟ್ಟಿಂಗ್ ಸಮೇತ ತಿಳಿಸಿ. ಫ್ಲ್ಯಾಶ್ ಮಾತ್ರ ಬೇಡ, ದುಡಿಯುವವರ ಕಣ್ಣಿಗೆ ಹೊಡೆಯುತ್ತದೆ.