ವಿಮಾನ ಬರೂಕಿಂತ ಮೊದ್ಲು ಏರೋಪ್ಲೇನ್ ಚಿಟ್ಟಿಗೆ ಏನಂತಿದ್ರು?

ಎಲ್ಲರಿಗೂ ನಮಸ್ಕಾರ, ಬೀದರ ಕಡಿಂದ ಒಂದು ಪದ ಕೇಳೂದದ. ಮಳಿಗಾಲ ಮುಗಿಯೋ ಹೊತ್ತಿಗೆ ಹೊಲದ ಮ್ಯಾಲ, ಖುಲ್ಲಾ ಬಯಲಿನ್ಯಾಗ ಹಳದಿ ಬಣ್ಣದ ಹುಳ ಗುಂಪುಗುಂಪಾಗಿ ಹಾರ್ತಿರ್ತಾವಲ್ಲ, ಡ್ರ್ಯಾಗನ್‌ಫ್ಲೈ, ಶಾಸ್ತ್ರದ ಹೆಸರು ಪ್ಯಾಂಟಾಲಾ ಫ್ಲೇವೆಸೆನ್ಸ್, ಅದಕ್ಕ ಹುಡುಗರು ಹೆಲಿಕಾಪ್ಟರ್ ಅಂತಾರ, ಪುಸ್ತಕದಾಗ ಏರೋಪ್ಲೇನ್ ಚಿಟ್ಟೆ ಅಂತ ಬರ್ತದ. ಚಿಟ್ಟೆ ಅಂತೂ ಅಲ್ಲ. ವಿಮಾನ ಬಂದು ನೂರು ಚಿಲ್ಲರ ವರ್ಷ ಆಗ್ಯದ, ಹುಳ ಮೊದಲಿಂದ ಅದ, ಅಂದ್ಮ್ಯಾಲ ನಮ್ಮ ಹಿರೇರು ಅದಕ್ಕ ಏನೋ ಒಂದು ಅಂದಿರಲೇಬೇಕು.

ಗಡಿ ಆಚಿ ಮರಾಠಿಯವ್ರು ಚತುರ್ ಅಂತಾರ, ಕೂತಾಗ ರೆಕ್ಕಿ ಮಡಚ್ಕೊಳ್ಳೋ ಸಣ್ಣದಕ್ಕ ಟಾಚಣಿ ಅಂತ ಬ್ಯಾರೆ ಹೆಸರೇ ಅದ. ತೆಲುಗಿನ್ಯಾಗ ತೂನೀಗ. ತಮಿಳು ಮಲಯಾಳದಾಗ ತುಂಬಿ. ಈ ತುಂಬೀನೇ ನಾವೂ ತಗೊಳ್ಳೂಣು ಅಂತ ಕೆಲವ್ರು ಹೇಳ್ತಾರ, ನನಗ ಒಪ್ಪಿಗಿ ಇಲ್ಲ, ಕನ್ನಡದಾಗ ತುಂಬಿ ಅಂದ್ರ ಹೂವಿಗೆ ಬರೋ ಕರಿ ದುಂಬಿ, ತೆಲುಗಿನ ತುಮ್ಮೆದಾನೂ ಅದೇ, ತಮಿಳಿನ ಹಳೇ ಸಂಗಂ ಕಾಲದ ಪದ್ಯದಾಗೂ ತುಂಬಿ ಹೂವಿನ ಹುಳಾನೇ. ಅಷ್ಟು ಗಟ್ಟಿ ಅರ್ಥ ಇರೋ ಪದಾನ ಎಳದು ಇನ್ನೊಂದಕ್ಕ ಕಟ್ಟೂದು ಬ್ಯಾಡ.

ಇನ್ನೊಂದು ಪದ ಬೇಕಾಗಿರೋದು ಇದರ ಮರಿಗೆ. ಈ ಜಾತಿ ಕೆರಿ ಬಾವಿಗಷ್ಟೇ ಕಾಯೂದಿಲ್ಲ, ಮಳಿ ನೀರು ನಿಂತ ತಗ್ಗಿನ್ಯಾಗೇ ತತ್ತಿ ಇಡ್ತದ, ನಮ್ಮ ಕಡೆ ಕೆಂಪು ಕಲ್ಲಿನ ಬಂಡಿ ಮ್ಯಾಲ ಅಂಥ ತಗ್ಗು ಬೇಕಾದಷ್ಟು ಅವ, ಮರಿ ನೀರಾಗೇ ಬೆಳದು ಸೊಳ್ಳಿ ಮರಿ, ಕಪ್ಪಿ ಮರಿ ತಿಂತದ, ಮಡಚಿಟ್ಟ ಕೆಳದುಟಿ ರಪ್ಪ ಅಂತ ಮುಂದ ಚಾಚಿ ಬೇಟಿ ಹಿಡೀತದ, ನೀರು ಬತ್ತೂದ್ರಾಗ ಅಂದ್ರ ಒಂದೂವರೆ ಎರಡು ತಿಂಗಳದಾಗ ರೆಕ್ಕಿ ಬಂದು ಹೊರಗ ಬರ್ತದ. ಆಮ್ಯಾಲ ಗಾಳಿ ಹಿಡದು ಮಾಲ್ಡೀವ್ಸ್ ದಾಟಿ ಪೂರ್ವ ಆಫ್ರಿಕಾ ತನಕ ಹೋಗ್ತಾವ ಅಂತ 2009ರಾಗ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ ಬರದಾರ.

ಕೃಷಿ ಬರವಣಿಗಿಯೊಳಗ ಇಂಥ ಮರಿಗೆ ಅಪ್ಸರೆ ಅಂತಾರ, ಇಂಗ್ಲಿಷಿನ್ಯಾಗ ಇಂಥ ಮರಿಗೆ ನಿಂಫ್ ಅಂತಾರಲ್ಲ, ಅದರ ಸೀದಾ ಅನುವಾದ. ಗಿಡದ ರಸ ಹೀರೋ ಹುಳದ ಮರಿಗೆ ಅಪ್ಸರೆ ಅಂದಾಗ ನನಗ ಒಗ್ಗೂದಿಲ್ಲ, ಆದ್ರ ಸಂಸ್ಕೃತದಾಗ ಅಪ್ ಅಂದ್ರ ನೀರು, ನೀರಾಗ ಸರಿದಾಡೋಳು ಅಪ್ಸರೆ ಅಂತ ಹಳೇ ವ್ಯುತ್ಪತ್ತಿ ಅದ, ಹಂಗ ನೋಡಿದ್ರ ಈ ಮರಿಗೇ ಅದು ಸರಿಯಾಗಿ ಕೂಡ್ತದ. ಖರೇ, ಒಕ್ಕಲಿಗರ ಬಾಯಾಗ ಆ ಪದ ನಿಂತೀತೋ ಇಲ್ಲೋ, ನೀರಹುಳ ಅನ್ನೂಣು ಅಂದ್ರ ಅರ್ಥ ಭಾಳ ಅಗಲ ಆಗ್ತದ.

ಭಾಲ್ಕಿ, ಔರಾದ, ಹುಮನಾಬಾದ, ಚಿಂಚೋಳಿ ಕಡೆಯವ್ರು ಮನ್ಯಾಗ ಹಿರೇರಿಗೆ ಕೇಳಿ ತಿಳಸ್ರಿ. ಹೆಸರಿನ ಜೋಡಿ ರೆಕ್ಕಿ ಬಿಚ್ಚಿ ಕೂಡೋದಕ್ಕ ಅಂದ್ರೋ ಮಡಚಿ ಕೂಡೋದಕ್ಕ ಅಂದ್ರೋ ಅದನ್ನೂ ಬರೀರಿ, ಊರಿನ ಹೆಸರು ಬಿಡಬ್ಯಾಡ್ರಿ.