ಅಪ್‌ಡೇಟ್: ತೋಟದ ಸೆನ್ಸರ್‌ಗಳು ಕೊನೆಗೂ ಆನ್‌ಲೈನ್

ಮನೆಯ ವೈಫೈ ಮುಟ್ಟದ ಕಾಫಿ ತೋಟದಲ್ಲಿ ಮಣ್ಣಿನ ತೇವಾಂಶ ಅಳೆಯೋ ಸೆನ್ಸರ್‌ಗಳನ್ನು ಇಂಟರ್ನೆಟ್‌ಗೆ ಜೋಡಿಸೋದು ಹೇಗೆ ಅಂತ ಕೇಳಿದ್ದೆ. ಒಂದೊಂದಕ್ಕೂ ಸಿಮ್ ಬೇಡ, ಕಡಿಮೆ ವಿದ್ಯುತ್‌ನಲ್ಲಿ ದೂರದವರೆಗೆ ಚಿಕ್ಕ ಸಂದೇಶ ಕಳಿಸೋ ರೇಡಿಯೋ ಜಾಲ ಲೋರಾವ್ಯಾನ್ ಹಾಕಿ ಅಂದವರ ಮಾತನ್ನೇ ಹಿಡಿದೆ.

ಸೆನ್ಸರ್‌ಗಳ ರೇಡಿಯೋ ಸಂದೇಶವನ್ನು ಇಂಟರ್ನೆಟ್‌ಗೆ ದಾಟಿಸೋ 8 ಚಾನೆಲ್‌ನ ಗೇಟ್‌ವೇಯನ್ನು ನೀರಿನ ಟ್ಯಾಂಕಿನ ಪಕ್ಕ ಕೂರಿಸಿ 4ಜಿ ರೂಟರ್‌ಗೆ ಸೇರಿಸಿದೆ. ಮೊದಲಿಗೆ ಒಂದೇ ಒಂದು ಸೆನ್ಸರ್ ಜಾಲಕ್ಕೆ ಜಾಯಿನ್ ಆಗಲಿಲ್ಲ. ನೋಡಿದರೆ, ಮಾರಾಟಗಾರರು ಯುರೋಪಿನ 868 ಮೆಗಾಹರ್ಟ್ಸ್ ಫ್ರೀಕ್ವೆನ್ಸಿ ಪ್ಲಾನ್ ಹಾಕಿಯೇ ಕಳಿಸಿದ್ದರು! ನಮ್ಮದು ಭಾರತದ ಪ್ಲಾನ್ ಐಎನ್865, ಇಲ್ಲಿ ಸೆನ್ಸರ್ ಜಾಯಿನ್ ಕೇಳೋದು 865.0625, 865.4025, 865.985 ಮೆಗಾಹರ್ಟ್ಸ್‌ನಲ್ಲಿ. ಪ್ಲಾನ್ ಬದಲಿಸಿದ್ದೇ ತಡ, ಸಾಲಾಗಿ ಬಂದವು.

ಹಳ್ಳದ ಬದಿಯವು ಮಾತ್ರ ಎಸ್‌ಎಫ್12ರಲ್ಲೇ ನಿಂತಿದ್ದವು. ಎಸ್‌ಎಫ್ ಅಂದರೆ ಸ್ಪ್ರೆಡಿಂಗ್ ಫ್ಯಾಕ್ಟರ್, ಸಂದೇಶವನ್ನು ಎಷ್ಟು ನಿಧಾನವಾಗಿ ಕಳಿಸಬೇಕು ಅನ್ನೋ ಅಳತೆ; ಅದು ಒಂದು ಮೆಟ್ಟಿಲು ಏರಿದರೆ ಪ್ರಸಾರದ ಸಮಯ ಸುಮಾರು ದುಪ್ಪಟ್ಟು, ಬ್ಯಾಟರಿಗೂ ಹೊಡೆತ. ಆಂಟೆನಾವನ್ನು ಸಿಲ್ವರ್ ಓಕ್ ಸೊಪ್ಪಿಗಿಂತ ಮೇಲೆತ್ತಿದೆ. ಆಮೇಲೆ ಸಿಗ್ನಲ್ ನೋಡಿ ವೇಗ ಹೊಂದಿಸೋ ಎಡಿಆರ್ ತಾನಾಗಿಯೇ ಎಸ್‌ಎಫ್9ಕ್ಕೆ ಇಳಿಸಿತು. ದುಬಾರಿ ಆಂಟೆನಾಗಿಂತ ಎತ್ತರವೇ ಲೇಸು ಅನ್ನೋದು ನನ್ನ ಅಭಿಪ್ರಾಯ.

ಹೊರಗಿನಿಂದ ನೇರವಾಗಿ ತಲುಪೋ ಪಬ್ಲಿಕ್ ಐಪಿ ವಿಳಾಸ ಗೇಟ್‌ವೇಗೆ ಬೇಕಾ ಅಂತ ಒಬ್ಬರು ಕೇಳಿದ್ದರು. ಬೇಡ. ಗೇಟ್‌ವೇಯೇ ಸರ್ವರ್‌ಗೆ ಸಂಪರ್ಕ ಶುರು ಮಾಡುತ್ತೆ. ಡೇಟಾದ ಗುಟ್ಟು ಬಿಡಿಸೋ ಕೀಲಿಯೂ ಗೇಟ್‌ವೇ ಹತ್ತಿರ ಇರಲ್ಲ, ಬಂದ ಪ್ಯಾಕೆಟ್ ಮುಂದೆ ಸಾಗಿಸೋದಷ್ಟೇ ಅದರ ಕೆಲಸ.

ಉಳಿದಿರೋದು ಸ್ಪ್ರಿಂಕ್ಲರ್ ವಾಲ್ವ್. ಲೋರಾವ್ಯಾನ್‌ನಲ್ಲಿ ಕ್ಲಾಸ್ ಎ ಅನ್ನೋ ಬಗೆಯ ಸಾಧನ ತಾನು ಮಾತಾಡಿದ ಮೇಲಷ್ಟೇ ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತೆ. "ಈಗಲೇ ನಿಲ್ಲಿಸು" ಅಂದರೆ ಮುಂದಿನ ರೀಡಿಂಗ್‌ವರೆಗೆ ಕಾಯಬೇಕು. ಅದಕ್ಕೆ ಕ್ಲಾಸ್ ಸಿ ಬಗೆಯದು ತರಿಸಿದ್ದೇನೆ. ಅದು ಸದಾ ಎಚ್ಚರವಿರೋದರಿಂದ ಸೋಲಾರ್ ಬೇಕು. ಮಳೆಗಾಲದಲ್ಲಿ ಎಷ್ಟು ವಾಟ್‌ನ ಪ್ಯಾನೆಲ್ ಸಾಕಾಗುತ್ತೆ, ಬಳಸಿದವರು ಹೇಳಿ.